ಎಣ್ಣೆ ಹೊರೋಕೂ ಎಣ್ಣೆ ಬೇಕು

18 ಮೇ 2025, ರವಿವಾರ
ಬೆಳಗಾವಿ

ತಂಗಿ ಶಿಕಾಗೊ ಮುಟ್ಟಿದ್ದಾಳೆ. ದೆಹಲಿಯಿಂದ ಸೀದಾ ಹೋಗಬೇಕಿದ್ದ ವಿಮಾನ ಈ ಸಲ ನಡುವೆ ವಿಯೆನ್ನಾದಲ್ಲಿ ಇಳಿದು ಎಣ್ಣೆ ಹಾಕಿಸಿಕೊಂಡಿತಂತೆ. ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವರು. ಚಹಾ ಕಪ್ ಕೆಳಗಿಡುವ ಮುಂಚೆಯೇ ಕೇಳಿದರು, "ದಿಲ್ಲ್ಯಾಗ ಟ್ಯಾಂಕ್ ಫುಲ್ ಮಾಡಾಕ ಏನಾಗಿತ್ತು ಅವರಿಗೆ?"

ಮೊದಲು ದಾರಿಯ ಕತೆ ಹೇಳಿದೆ. ಏಪ್ರಿಲ್ 24ರಿಂದ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಬಂದ್ ಮಾಡಿದೆ. ಸುತ್ತು ಹಾಕಿ ಹೋಗಬೇಕು. ಮೇಲಿನ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುವುದರಿಂದ ಅಮೆರಿಕದ ಕಡೆ ಹೋಗುವಾಗ ಎದುರುಗಾಳಿಯೂ ಸೇರುತ್ತದೆ.

ಅಪ್ಪನ ಪ್ರಶ್ನೆ ಅಲ್ಲೇ ಉಳಿಯಿತು. ಟ್ಯಾಂಕ್ ಯಾಕೆ ಫುಲ್ ಮಾಡಲಿಲ್ಲ?

ಜನ, ಸಾಮಾನು, ಎಣ್ಣೆ ಎಲ್ಲ ಸೇರಿ ಇಷ್ಟೇ ತೂಕ ಅಂತ ಮಿತಿ ಇರುತ್ತದೆ. ಎಣ್ಣೆ ಜಾಸ್ತಿ ತುಂಬಿದರೆ ಸೀಟು ಖಾಲಿ ಬಿಡಬೇಕು. ಸಾವಿರ ಕೆಜಿ ಹೆಚ್ಚಿಗೆ ತುಂಬಿದರೆ, ಅದನ್ನು ಹೊರುವುದಕ್ಕೇ ಗಂಟೆಗೆ ಸುಮಾರು 30–40 ಕೆಜಿ ಸುಡುತ್ತದೆ. ಅಪ್ಪ ತಲೆ ಆಡಿಸಿದರು. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ.

ನಂಬದೇ ಹೋದದ್ದು ಬಿಸಿಲಿನ ವಿಷಯ. ಬಿಸಿ ಗಾಳಿ ತೆಳು. ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿಗೂ ಉಸಿರು ಸಾಲದು. ರನ್‌ವೇ ಮೇಲೆ ಹೆಚ್ಚು ದೂರ ಓಡಬೇಕು, ಇಲ್ಲವೇ ಭಾರ ಇಳಿಸಬೇಕು. ದೆಹಲಿಯ ಮೇ ತಿಂಗಳು ಯಾಕೆ, ನಮ್ಮ ಸಾಂಬ್ರಾನೇ ಸಾಕು ಅಂತ ಪೇಪರಿನ ಅಂಚಿನಲ್ಲಿ ಲೆಕ್ಕ ಮಾಡಿ ತೋರಿಸಿದೆ. ಸಾಂಬ್ರಾ ವಿಮಾನ ನಿಲ್ದಾಣ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಮೇಲೆ. ಪೈಲಟ್‌ಗಳ ಲೆಕ್ಕದಲ್ಲಿ ಅಷ್ಟು ಎತ್ತರಕ್ಕೆ 10 ಡಿಗ್ರಿ ಮಾಮೂಲಿ ಬಿಸಿ. ಮೇಲೆ ಹೋದಂತೆ ಗಾಳಿ ತೆಳುವಾಗುವ ಹಾಗೆ ಬಿಸಿ ಏರಿದರೂ ತೆಳುವಾಗುತ್ತದಲ್ಲ, ಅದಕ್ಕೇ 10ಕ್ಕಿಂತ ಏರುವ ಪ್ರತಿ ಡಿಗ್ರಿಗೆ ಆ ಎತ್ತರಕ್ಕೆ 120 ಅಡಿ ಸೇರಿಸಬೇಕು. ಬಿಸಿಲು 38 ಆದರೆ? ಹತ್ತಿರ ಹತ್ತಿರ 5,900 ಅಡಿ! ಮುಳ್ಳಯ್ಯನಗಿರಿ ತುದಿಯೇ 6,330 ಅಡಿ. ಅಂದ್ರೆ ಮಧ್ಯಾಹ್ನದ ಹೊತ್ತಿಗೆ ವಿಮಾನದ ಪಾಲಿಗೆ ನಮ್ಮ ಸಾಂಬ್ರಾ ಹೆಚ್ಚುಕಡಿಮೆ ಅಲ್ಲಿಗೇ ಹತ್ತಿ ಕೂತಿರುತ್ತದೆ.

"ಸುಮ್ನ ಏನರೇ ಹೇಳಬ್ಯಾಡ," ಅಂದರು ಅಪ್ಪ. ಆದರೂ ಲೆಕ್ಕವನ್ನು ಎರಡು ಸಲ ನೋಡಿದರು.

ಸಂಜೆ ತಂಗಿಯ ಫೋನ್ ಬಂತು. ಅಪ್ಪ ಮೊದಲು ಕೇಳಿದ್ದೇ, "ಅಲ್ಲಿ ಇಳಿದು ಚಾ ಕುಡದ್ಯೋ ಇಲ್ಲೋ?"

ಪೈಲಟ್ ಬದಲಾದರಂತೆ, ಇವರನ್ನು ಮಾತ್ರ ಕೆಳಗೆ ಬಿಡಲಿಲ್ಲವಂತೆ.

"ಚಾ ಇಲ್ಲದ್ದು ಅದೆಂಥಾ ಸ್ಟಾಪ್ ಬೇ!" ಅಂತ ಫೋನನ್ನು ಅವ್ವನ ಕೈಗೆ ಕೊಟ್ಟರು.