ಆಟೋದಲ್ಲಿ ಮೇಲುಕೋಟೆಗೆ

ಮನೆಯಲ್ಲಿ ಕಾರಿದ್ದರೂ ಮೇಲುಕೋಟೆಗೆ ಆಟೋದಲ್ಲೇ ಹೋಗಬೇಕೆಂಬ ಅಮ್ಮನ ಹಟಕ್ಕೆ ಮಣಿದು, ಬೆಳಿಗ್ಗೆ ಮೈಸೂರು ಬಿಟ್ಟೆವು. 2023ರ ಆಗಸ್ಟ್‌ನಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಆಟೋಗಳಿಗೆ ಪ್ರವೇಶವಿಲ್ಲದ ಕಾರಣ ಶ್ರೀರಂಗಪಟ್ಟಣದವರೆಗೆ ಸರ್ವಿಸ್ ರಸ್ತೆಯೇ ಗತಿಯಾಯಿತು.

ಪಾಂಡವಪುರದ ಆಚೆ ಎರಡೂ ಬದಿಗೆ ಕಬ್ಬಿನ ಗದ್ದೆಗಳು. ಬಾಗಿಲಿಲ್ಲದ ಗಾಡಿಯಾದ್ದರಿಂದ ಆಲೆಮನೆಯ ಘಮ ನೇರವಾಗಿ ಮೂಗಿಗೆ ಬಡಿಯಿತು (ಧೂಳೂ ಬಡಿಯಿತೆನ್ನಿ). "ಬಿಸಿ ಬೆಲ್ಲ ತಿಂದೇ ಹೋಗೋಣ ಅಮ್ಮಾ" ಎಂದು ಚಾಲಕರು ತಾವಾಗಿಯೇ ನಿಲ್ಲಿಸಿದರು. ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲು ಗಟ್ಟಿಯಾಗಿ, ಪಾಕಕ್ಕೆ ಬಂದು, ಅಚ್ಚಿಗೆ ಇಳಿಯುವವರೆಗೂ ಅಲ್ಲಿಂದ ಕದಲಲು ಅಮ್ಮ ಒಪ್ಪಲಿಲ್ಲ.

ಹೀಗಾಗಿ ಬೆಟ್ಟ ಹತ್ತುವಷ್ಟರಲ್ಲಿ ಚೆಲುವನಾರಾಯಣನ ಗುಡಿಯ ಬಾಗಿಲು ಮಧ್ಯಾಹ್ನಕ್ಕೆ ಮುಚ್ಚಿತ್ತು. ಕಲ್ಯಾಣಿಯ ಮೆಟ್ಟಿಲ ಮೇಲೆ ಪುಳಿಯೋಗರೆ ತಿನ್ನುತ್ತಾ ಕಾದು, ಸಂಜೆ ದರ್ಶನ ಮುಗಿಸಿ, ಕತ್ತಲಲ್ಲಿ ಅದೇ ದಾರಿಯಲ್ಲಿ ಕುಲುಕುತ್ತಾ ಮರಳಿದೆವು.