ಹಾಡು ಒಬ್ಬರದು, ದನಿ ಇನ್ನೊಬ್ಬರದು

ಜನಪ್ರಿಯ ಪ್ರೇಮಗೀತೆಯೊಂದು ಕಿವಿಗೆ ಬಿದ್ದಾಗ ನಾವು ಕೇಳುತ್ತಿರುವುದು ಒಂದೇ ವಸ್ತು ಎಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅಲ್ಲಿ ಎರಡು ವಸ್ತುಗಳಿವೆ. ಸಾಹಿತ್ಯವೂ ಮಟ್ಟೂ ಸೇರಿ ಆದ ಹಾಡು ಒಂದು. ಯಾವುದೋ ಒಂದು ದಿನ, ಯಾವುದೋ ಒಂದು ಸ್ಟುಡಿಯೊದಲ್ಲಿ, ಒಬ್ಬರ ಗಂಟಲಿನಿಂದ ಹೊರಟು ಟೇಪಿನ ಮೇಲೆ ಉಳಿದುಕೊಂಡ ದನಿ ಇನ್ನೊಂದು. ಕಾನೂನು ಇವೆರಡನ್ನೂ ಪ್ರತ್ಯೇಕ ಆಸ್ತಿಗಳೆಂದೇ ಎಣಿಸುತ್ತದೆ, ಮತ್ತು ಅವುಗಳ ಒಡೆಯರು ಬೇರೆ ಬೇರೆಯವರಾಗಿರುವುದೇ ಹೆಚ್ಚು. ಹಳೆಯ ಪ್ರೇಮಗೀತೆಯೊಂದು ಹೊಸ ವೇಷದಲ್ಲಿ ಮರಳಿ ಬಂದಾಗ ಯಾರಿಗೆ ಹಣ ಸಿಕ್ಕಿತು, ಯಾರು ಮುನಿಸಿಕೊಂಡರು, ಯಾರು ನ್ಯಾಯಾಲಯದ ಮೆಟ್ಟಿಲು ಹತ್ತಿದರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಈ ಎರಡರಲ್ಲಿ ಯಾವುದನ್ನು ಎತ್ತಿಕೊಂಡರು ಎಂದು ನೋಡಿದಾಗ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಮೊದಲು ದನಿಯ ಸಂಗತಿಯನ್ನು ನೋಡೋಣ. 1925ರ ಸುಮಾರಿಗೆ ವಿದ್ಯುತ್ ಮೈಕ್ರೊಫೋನು ಸ್ಟುಡಿಯೊಗಳಿಗೆ ಬರುವವರೆಗೆ ಗಾಯಕರು ಕಹಳೆಯಂತಹ ದೊಡ್ಡದೊಂದು ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಾಗಿತ್ತು. ಅವರ ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕಾಗಿದ್ದುದರಿಂದ ಮೆಲುದನಿಗೆ ಅಲ್ಲಿ ಬೆಲೆಯೇ ಇರಲಿಲ್ಲ. ಪ್ರೇಮನಿವೇದನೆಯನ್ನು ಸಭೆಯ ಕೊನೆಯ ಸಾಲಿಗೂ ತಲುಪುವಂತೆ ಕೂಗಿ ಹೇಳುವುದು ಎಂತಹ ಪಾಡು ಎಂಬುದನ್ನು ಆ ಕಾಲದ ತಟ್ಟೆಗಳನ್ನು ಕೇಳಿದವರು ಬಲ್ಲರು. ಮೈಕ್ ಬಂದ ಮೇಲೆ ಬಿಂಗ್ ಕ್ರಾಸ್ಬಿಯಂತಹ ಗಾಯಕರು ಎದುರಿಗೆ ಕುಳಿತ ಒಬ್ಬರೊಡನೆ ಮಾತನಾಡುವಷ್ಟೇ ದನಿಯಲ್ಲಿ ಹಾಡತೊಡಗಿದರು. ಈ ಆಪ್ತತೆ ಎಷ್ಟು ಹೊಸದಾಗಿತ್ತೆಂದರೆ, ಇಂತಹ ಮೆಲುದನಿಯ ಹಾಡುಗಾರಿಕೆ ನೀತಿಗೆಟ್ಟದ್ದು ಎಂದು 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಒಬ್ಬರು ಬಹಿರಂಗವಾಗಿಯೇ ಖಂಡಿಸಿದ್ದರು. ಕಾರ್ಡಿನಲ್ಲರಿಗೆ ಸಿಟ್ಟು ಬಂದದ್ದು ಸಾಹಿತ್ಯದ ಮೇಲಷ್ಟೇ ಅಲ್ಲ, ದನಿ ಇದ್ದ ಅಂತರದ ಮೇಲೂ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಅಪರಿಚಿತನೊಬ್ಬನ ಉಸಿರು ಮನೆಯೊಳಗೆ ಕಿವಿಯ ಪಕ್ಕದಲ್ಲೇ ಕೇಳಿಸುವುದು ಅಲ್ಲಿಯವರೆಗೆ ಸಾಧ್ಯವೇ ಇರಲಿಲ್ಲ.

ಹಾಡಿನ ಉದ್ದವನ್ನು ನಿಗದಿ ಮಾಡಿದ್ದು ಕೂಡ ಯಂತ್ರವೇ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಹಾಡು. ತಟ್ಟೆ ಹೋದರೂ ಆ ಅಳತೆ ಮಾತ್ರ ಉಳಿಯಿತು.

ಎರಡನೆಯ ಮಹಾಯುದ್ಧದ ನಂತರ ಅಯಸ್ಕಾಂತೀಯ ಟೇಪು ಬಳಕೆಗೆ ಬಂದಾಗ ಒಂದು ದನಿಯ ಮೇಲೆ ಅದೇ ದನಿಯನ್ನು ಮತ್ತೆ ಪೇರಿಸುವುದು ಸುಲಭವಾಯಿತು. ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ದಂಪತಿ 1950ರ ದಶಕದ ಆರಂಭದಲ್ಲಿಯೇ ಇಬ್ಬರಿದ್ದುಕೊಂಡು ಒಂದು ಮೇಳದಷ್ಟು ಧ್ವನಿಗಳನ್ನು ಟೇಪಿಗೆ ಇಳಿಸುತ್ತಿದ್ದರು. ಇಂದು ಸ್ಟುಡಿಯೊದಲ್ಲಿ ಗಾಯಕಿ ಒಂದೇ ಚರಣವನ್ನು ಹತ್ತಾರು ಸಲ ಹಾಡುತ್ತಾಳೆ. ಒಂದು ಟೇಕಿನಿಂದ ಒಂದು ಪದವನ್ನು, ಇನ್ನೊಂದರಿಂದ ಮುಂದಿನ ಸಾಲನ್ನು ಆರಿಸಿ ಜೋಡಿಸಿ ಇಡಿಯ ಹಾಡನ್ನು ಕಟ್ಟುತ್ತಾರೆ. ಆಮೇಲೆ ಕಂಪ್ರೆಸರ್ ಎಂಬ ಸಾಧನ ಗಟ್ಟಿ ಸ್ವರವನ್ನು ತಗ್ಗಿಸಿ, ಪಿಸುಮಾತನ್ನೂ ಉಸಿರೆಳೆದುಕೊಂಡ ಸದ್ದನ್ನೂ ಮೇಲಕ್ಕೆತ್ತುತ್ತದೆ. ಕೇಳುಗನಿಗೆ ಅದು ಮನಸ್ಸು ತುಂಬಿ ಬಂದು ಒಮ್ಮೆಗೇ ಹೊಮ್ಮಿದ ಮಾತಿನಂತೆ ಕೇಳಿಸುತ್ತದೆ. ಇದನ್ನು ನಾನು ಮೋಸ ಎನ್ನುವುದಿಲ್ಲ. ಪ್ರೇಮಪತ್ರವನ್ನು ಹರಿದು ಹರಿದು ಮತ್ತೆ ಬರೆದವರನ್ನು ಯಾರೂ ಮೋಸಗಾರರೆಂದು ಕರೆದಿಲ್ಲ.

ಈ ಕಟ್ಟುವಿಕೆಯ ಅತ್ಯಂತ ಸೊಗಸಾದ ಉದಾಹರಣೆ ಎಂದು ನಾನು ಭಾವಿಸುವುದು ಬ್ರಿಟನ್ನಿನ ಟೆನ್‌ಸಿಸಿ ತಂಡದ 1975ರ ‘ಐ ಆ್ಯಮ್ ನಾಟ್ ಇನ್ ಲವ್’ ಹಾಡು. ಸ್ಟಾಕ್‌ಪೋರ್ಟ್ ಪಟ್ಟಣದ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಆ ತಂಡದ ಮೂವರು ಒಂದೊಂದು ಸ್ವರವನ್ನೂ ಹದಿನಾರು ಹದಿನಾರು ಸಲ ಹಾಡಿದರು. ಅಂದರೆ ಒಂದು ಸ್ವರಕ್ಕೆ 48 ಕಂಠಗಳು. ಹೀಗೆ ಸಿದ್ಧವಾದ ಸ್ವರಗಳನ್ನು ಟೇಪಿನ ಬಳೆಗಳಾಗಿ ಸುತ್ತಿ, ನಿಲ್ಲದೆ ತಿರುಗುವಂತೆ ಮಾಡಿ, ಮಿಕ್ಸಿಂಗ್ ಮೇಜಿನಲ್ಲಿ ದನಿಯನ್ನು ಏರಿಸಿ ಇಳಿಸುವ ಒಂದೊಂದು ಫೇಡರಿಗೆ ಒಂದೊಂದನ್ನು ಹಂಚಿದರು. ಬಳಿಕ ಆ ಫೇಡರುಗಳನ್ನು ಹಾರ್ಮೋನಿಯಂ ನುಡಿಸಿದಂತೆ ಏರಿಸಿ ಇಳಿಸಿ ಹಾಡಿನ ಹಿನ್ನೆಲೆಯನ್ನು ನುಡಿಸಿದರು. ನಡುವೆ ಕೇಳಿಬರುವ ಹೆಣ್ಣಿನ ಪಿಸುಮಾತು ಯಾವ ಗಾಯಕಿಯದೂ ಅಲ್ಲ, ಅದೇ ಸ್ಟುಡಿಯೊದಲ್ಲಿ ಕಾರ್ಯದರ್ಶಿಯಾಗಿದ್ದವರದು. ತಾನು ಪ್ರೀತಿಸುತ್ತಿಲ್ಲ ಎಂದು ಬಾಯಿಯಲ್ಲಿ ಹೇಳುವ ಆ ನಿರೂಪಕನ ಮಾತನ್ನು ನಾವು ನಂಬದಿರುವುದಕ್ಕೆ ಸಾಹಿತ್ಯದ ಜಾಣ್ಮೆ ಅರ್ಧ ಕಾರಣ. ಹಿಂದೆ ಮೋಡದಂತೆ ಕವಿದಿರುವ ಆ ಕಂಠಗಳು ಉಳಿದರ್ಧ. ಇದೇ ಹಾಡನ್ನು ಬೇರೆಯವರು ಗಿಟಾರ್ ಹಿಡಿದು ಹಾಡಿದಾಗ ಮಟ್ಟು ಬರುತ್ತದೆ, ಮಾತು ಬರುತ್ತದೆ, ಆದರೆ ಆ ಅನುಮಾನ ಬರುವುದಿಲ್ಲ.

ಶ್ರುತಿ ತಿದ್ದುವ ಆಟೊಟ್ಯೂನ್ ತಂತ್ರಾಂಶ 1997ರಲ್ಲಿ ಬಂತು. ಅದನ್ನು ರೂಪಿಸಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ತೈಲ ನಿಕ್ಷೇಪ ಹುಡುಕುವವರಿಗಾಗಿ ಭೂಕಂಪನ ಅಲೆಗಳನ್ನು ವಿಶ್ಲೇಷಿಸುತ್ತಿದ್ದವರು. ಮರುವರ್ಷ ಗಾಯಕಿ ಶೆರ್ ಅವರ ಹಾಡೊಂದರಲ್ಲಿ ಅದನ್ನು ಮರೆಮಾಚದೆ, ದನಿ ಮುರಿದಂತೆ ಕೇಳಿಸುವಷ್ಟು ಧಾರಾಳವಾಗಿ ಬಳಸಿದರು. ಕೇಳಿದವರಿಗೆ ನಿರ್ಮಾಪಕರು ಅದು ಬೇರೊಂದು ಉಪಕರಣದ ಕರಾಮತ್ತು ಎಂದು ಹೇಳಿ ಗುಟ್ಟು ಕಾಪಾಡಿಕೊಂಡರು.

ಇನ್ನು ಹಾಡಿನ ಕಡೆಗೆ ಬರುತ್ತೇನೆ. ಬೇರೆ ಬಗೆಯ ಹಾಡುಗಳಿಗಿಂತ ಪ್ರೇಮಗೀತೆಗಳು ಹೆಚ್ಚು ಮರುಬಳಕೆಯಾಗುವುದಕ್ಕೆ ಅವುಗಳ ಸಾಹಿತ್ಯದಲ್ಲಿರುವ ಖಾಲಿ ಜಾಗಗಳು ಕಾರಣ ಎಂದು ನನ್ನ ಎಣಿಕೆ. ಅವುಗಳಲ್ಲಿ ಹೆಸರು ಇರುವುದಿಲ್ಲ, ಊರು ಇರುವುದಿಲ್ಲ, ಜಗಳ ಯಾವ ಕಾರಣಕ್ಕಾಯಿತು ಎಂಬ ವಿವರ ಇರುವುದಿಲ್ಲ. ‘ನಾನು’ ಎಂಬಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಫ್ರಾನ್ಸಿನಲ್ಲಿ ನೆಲೆಸಿದ್ದ ಸಂಯೋಜಕ ಮಾರ್ತಿನಿ 1784ರಲ್ಲಿ ಪ್ರೇಮದ ಕ್ಷಣಿಕತೆಯನ್ನು ಕುರಿತ ಒಂದು ಗೀತೆಗೆ ಮಟ್ಟು ಹಾಕಿದ್ದರು. 1961ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದ ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ ಆ ಮಟ್ಟಿನ ಮೇಲೆಯೇ ನಿಂತಿದೆ. 1993ರಲ್ಲಿ ಯುಬಿ40 ತಂಡ ಅದನ್ನು ಜಮೈಕಾದ ರೆಗೆ ಲಯಕ್ಕೆ ಒಗ್ಗಿಸಿತು. ಮೊದಲ ಗೀತೆ ಪ್ರೇಮದ ಸುಖ ಕ್ಷಣ ಮಾತ್ರ, ಅದರ ನೋವು ಬಾಳಿಡೀ ಎನ್ನುತ್ತದೆ. ಎರಡನೆಯದು ಪ್ರೇಮಕ್ಕೆ ಶರಣಾಗುವುದನ್ನು ಹಾಡುತ್ತದೆ. ಅಷ್ಟು ವಿರುದ್ಧವಾದ ಮಾತುಗಳನ್ನು ಮಟ್ಟು ತಕರಾರಿಲ್ಲದೆ ಹೊತ್ತುಕೊಂಡಿತು. ಮಾರ್ತಿನಿ ತೀರಿಕೊಂಡು ಬಹುಕಾಲವಾಗಿದ್ದರಿಂದ ಆ ಹಳೆಯ ಮಟ್ಟನ್ನು ಎತ್ತಿಕೊಳ್ಳಲು ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ.

ಹಕ್ಕುಸ್ವಾಮ್ಯ ಜೀವಂತವಾಗಿರುವ ಹಾಡಿಗೂ ಅಮೆರಿಕದಲ್ಲಿ ಒಂದು ದಾರಿ 1909ರಿಂದಲೇ ಇದೆ. ತಾನಾಗಿಯೇ ನುಡಿಯುವ ಪಿಯಾನೊಗಳ ಕಾಗದದ ಸುರುಳಿಗಳು ಎಬ್ಬಿಸಿದ ವಿವಾದದಿಂದ ಹುಟ್ಟಿದ ಆ ನಿಯಮದ ಪ್ರಕಾರ, ಒಮ್ಮೆ ಧ್ವನಿಮುದ್ರಿತವಾಗಿ ಹೊರಬಂದ ಹಾಡನ್ನು ಬೇರೆ ಯಾರೇ ಆದರೂ ಹೊಸದಾಗಿ ಹಾಡಿ ಬಿಡುಗಡೆ ಮಾಡಬಹುದು. ಬರೆದವರು ಒಪ್ಪಬೇಕಾಗಿಲ್ಲ, ನಿಗದಿಯಾದ ಶುಲ್ಕ ಸಲ್ಲಿಸಿದರೆ ಸಾಕು. ಹಾಡು ಬರೆದವರಿಗೆ ಇದರಿಂದ ಎಷ್ಟು ಲಾಭವಿದೆ ಎಂಬುದಕ್ಕೆ ಗಾಯಕಿ ಡಾಲಿ ಪಾರ್ಟನ್ ಸಾಕ್ಷಿ. ತಾವೇ ಬರೆದು 1974ರಲ್ಲಿ ಹೊರತಂದ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಎಲ್ವಿಸ್ ಹಾಡಬೇಕೆಂದು ಬಯಸಿದಾಗ, ಆತನ ವ್ಯವಸ್ಥಾಪಕರು ಪ್ರಕಾಶನ ಹಕ್ಕಿನಲ್ಲಿ, ಅಂದರೆ ಹಾಡಿನ ಒಡೆತನದಲ್ಲಿ, ಅರ್ಧಪಾಲು ಕೇಳಿದ್ದರಿಂದ ಪಾರ್ಟನ್ ಅತ್ತುಕೊಂಡೇ ನಿರಾಕರಿಸಿದರು. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದನ್ನು ಚಲನಚಿತ್ರವೊಂದಕ್ಕಾಗಿ ಹಾಡಿ, ಅದು ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ನಿಂತಾಗ ಹಾಡಿನ ಪಾಲಿನ ಹಣ ಪಾರ್ಟನ್ ಅವರ ಕೈಯಲ್ಲೇ ಉಳಿದಿತ್ತು. ವಾದ್ಯವೇ ಇಲ್ಲದೆ ಆರಂಭವಾಗುವ ಆ ದನಿ ಹ್ಯೂಸ್ಟನ್ ಅವರದು, ದನಿಯ ಪಾಲಿನ ಹಣವೂ ಆ ಕಡೆಯದೇ. ಹಂಚಿಕೆ ಇಷ್ಟು ಸ್ವಚ್ಛವಾಗಿ ನಡೆಯುವುದು ಅಪರೂಪ.

ದನಿಯನ್ನೇ ಎತ್ತಿಕೊಂಡಾಗ ವ್ಯವಹಾರ ತೊಡಕಾಗುತ್ತದೆ, ಏಕೆಂದರೆ ಅಲ್ಲಿ 1909ರ ನಿಯಮದಂತಹ ಕಡ್ಡಾಯ ಪರವಾನಗಿ ಎಂಬುದು ಇಲ್ಲ, ಮಾಲೀಕರು ಒಪ್ಪಲೇಬೇಕು. 1991ರಲ್ಲಿ ರ‍್ಯಾಪ್ ಗಾಯಕ ಬಿಜ್ ಮಾರ್ಕಿ, ಗಿಲ್ಬರ್ಟ್ ಒಸಲಿವನ್ ಅವರ 1972ರ ವಿಷಾದಗೀತೆಯ ಪಿಯಾನೊ ತುಣುಕನ್ನು ಅನುಮತಿಯಿಲ್ಲದೆ ಬಳಸಿದ ಪ್ರಕರಣದಲ್ಲಿ ನ್ಯಾಯಾಧೀಶರು ತೀರ್ಪನ್ನು ‘ಕದಿಯಬಾರದು’ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ಆರಂಭಿಸಿದರು. ಗಾಯಕ ತನ್ನ ಮುಂದಿನ ಆಲ್ಬಮ್ಮಿಗೆ ‘ಎಲ್ಲ ತುಣುಕುಗಳಿಗೂ ಅನುಮತಿ ಪಡೆದಿದೆ’ ಎಂಬರ್ಥದ ಹೆಸರಿಟ್ಟು ಸೇಡು ತೀರಿಸಿಕೊಂಡ. ದ ಪೊಲೀಸ್ ತಂಡದ 1983ರ ‘ಎವ್ರಿ ಬ್ರೆತ್ ಯೂ ಟೇಕ್’ ಹಾಡಿನ ಕಥೆ ಇನ್ನೂ ವಿಚಿತ್ರವಾದದ್ದು. ಕಾವಲಿಡುವ ಅಸೂಯೆಯ ಬಗ್ಗೆ ಬರೆದ ಹಾಡು ಅದು ಎಂದು ಅದನ್ನು ಬರೆದು ಹಾಡಿದ ಸ್ಟಿಂಗ್ ಎಷ್ಟು ಹೇಳಿದರೂ ಜನ ಅದನ್ನು ಮದುವೆಗಳಲ್ಲಿ ಹಾಕುವುದನ್ನು ಬಿಡಲಿಲ್ಲ. 1997ರಲ್ಲಿ ರ‍್ಯಾಪ್ ಗಾಯಕ ಪಫ್ ಡ್ಯಾಡಿ ಅದರ ಗಿಟಾರ್ ನುಡಿಸಾಣಿಕೆಯನ್ನು ಸ್ಯಾಂಪಲ್ ಮಾಡಿ, ಅಂದರೆ ಮುದ್ರಣದಿಂದಲೇ ತುಣುಕನ್ನು ಎತ್ತಿಕೊಂಡು, ಹತ್ಯೆಯಾದ ಗೆಳೆಯನಿಗೆ ಅರ್ಪಿಸಿದ ಶೋಕಗೀತೆಯನ್ನು ಕಟ್ಟಿದರು. ಆ ಗಿಟಾರ್ ನುಡಿಸಿದವರು ದ ಪೊಲೀಸ್ ತಂಡದ ಆ್ಯಂಡಿ ಸಮ್ಮರ್ಸ್. ಹಾಡು ಬರೆದವರೆಂದು ದಾಖಲಾಗಿರುವುದು ಸ್ಟಿಂಗ್ ಹೆಸರೊಂದೇ. ಆದ್ದರಿಂದ ಜಗತ್ತೆಲ್ಲ ಗುನುಗಿದ್ದು ಸಮ್ಮರ್ಸ್ ಬೆರಳುಗಳನ್ನಾದರೂ, ರಚನಕಾರನಿಗೆ ಸಲ್ಲುವ ಹಣ ಹೋದದ್ದು ಸ್ಟಿಂಗ್ ಅವರಿಗೆ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲದಿರಬಹುದು. ಕೇಳುಗನಾಗಿ ನನಗೆ ಇದು ಸರಿಯೆನಿಸಿಲ್ಲ.

ಹಾಡು ಮತ್ತು ದನಿ ಬೇರೆ ಬೇರೆ ಎಂಬುದು ಕಣ್ಣಿಗೆ ಕಟ್ಟುವಂತೆ ಬಯಲಾದದ್ದು 1990ರಲ್ಲಿ. ‘ಅನ್‌ಚೈನ್ಡ್ ಮೆಲಡಿ’ ಮೂಲತಃ 1955ರ ಒಂದು ಜೈಲು ಕಥೆಯ ಚಿತ್ರಕ್ಕಾಗಿ ಬರೆದದ್ದು. ರೈಚಸ್ ಬ್ರದರ್ಸ್ ಜೋಡಿಯ ಬಾಬಿ ಹ್ಯಾಟ್‌ಫೀಲ್ಡ್ 1965ರಲ್ಲಿ ಅದನ್ನು ಒಬ್ಬರೇ ಹಾಡಿದ್ದರು. ಮೊದಲು ಅದು ತಟ್ಟೆಯ ಹಿಂಬದಿಯ ಹಾಡು ಮಾತ್ರವಾಗಿತ್ತು. ಇಪ್ಪತ್ತೈದು ವರ್ಷಗಳ ಬಳಿಕ ‘ಘೋಸ್ಟ್’ ಚಿತ್ರ ಆ ಮುದ್ರಣವನ್ನು ಬಳಸಿಕೊಂಡಾಗ ಜನರಿಗೆ ಅದು ಮತ್ತೆ ಬೇಕಾಯಿತು. ಹಳೆಯ ಮುದ್ರಣ ಜೋಡಿಯ ಕೈಯಲ್ಲಿರಲಿಲ್ಲವಾದ್ದರಿಂದ ಅವರು ಬೇರೊಂದು ಸಂಸ್ಥೆಗೆ ಅದೇ ಹಾಡನ್ನು ಹೊಸದಾಗಿ ಹಾಡಿಕೊಟ್ಟರು. ಅದೇ ಹಾಡು, ಅದೇ ಗಾಯಕ. ಆದರೂ ಎರಡು ಮುದ್ರಣಗಳು ಒಂದೇ ಕಾಲಕ್ಕೆ ಅಮೆರಿಕದ ಮೊದಲ 20ರ ಪಟ್ಟಿಯೊಳಗೆ ಇದ್ದವು. ಹಳೆಯದನ್ನು ಬಾನುಲಿಗಳು ಬಿತ್ತರಿಸುತ್ತಿದ್ದವು, ಹೊಸದು ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಟೇಲರ್ ಸ್ವಿಫ್ಟ್ ತನ್ನ 2008ರ ‘ಲವ್ ಸ್ಟೋರಿ’ಯನ್ನು 2021ರಲ್ಲಿ ಮತ್ತೆ ಹಾಡಿದ್ದು ಇದೇ ಉಪಾಯವನ್ನು ಲೆಕ್ಕಾಚಾರದಿಂದ ಬಳಸಿದ ರೀತಿ, ಮಾಸ್ಟರುಗಳು, ಅಂದರೆ ಮೂಲ ಧ್ವನಿಮುದ್ರಣಗಳು, ಪರರ ಪಾಲಾಗಿದ್ದವು, ರಚನೆಯ ಹಕ್ಕು ಮಾತ್ರ ಆಕೆಯ ಬಳಿ ಉಳಿದಿತ್ತು. 2025ರಲ್ಲಿ ಆಕೆ ಹಳೆಯ ಮಾಸ್ಟರುಗಳನ್ನೂ ಕೊಂಡುಕೊಂಡರು.

ಈಗ ಮರುಬಳಕೆ ಕೆಲವೇ ಸೆಕೆಂಡುಗಳ ಲೆಕ್ಕದಲ್ಲಿ ನಡೆಯುತ್ತಿದೆ. ಹಳೆಯ ಪಲ್ಲವಿಯನ್ನು ವೇಗ ಹೆಚ್ಚಿಸಿ ಚುರುಕಾಗಿಸುತ್ತಾರೆ, ಇಲ್ಲವೇ ನಿಧಾನಗೊಳಿಸಿ ಪ್ರತಿಧ್ವನಿ ಸೇರಿಸಿ ಕಿರುವಿಡಿಯೊಗಳ ಹಿಂದೆ ಹಾಕುತ್ತಾರೆ. ನಿಧಾನಗೊಳಿಸಿದ ಪ್ರತಿಗಳನ್ನು ನಾನು ಸಹಿಸಬಲ್ಲೆ. ವೇಗ ಹೆಚ್ಚಿಸಿದವುಗಳಲ್ಲಿ ಉಸಿರೇ ಕಾಣೆಯಾಗಿರುತ್ತದೆ.

ಇದಕ್ಕಿಂತ ಮುಖ್ಯವಾದ ಬದಲಾವಣೆ ಎಂದರೆ ಮುದ್ರಣವನ್ನೇ ಬಿಡಿಸಿ ಹಾಕುವ ಸಾಮರ್ಥ್ಯ. ಬೀಟಲ್ಸ್ ತಂಡದ ಜಾನ್ ಲೆನನ್ 1970ರ ದಶಕದ ಕೊನೆಯ ಭಾಗದಲ್ಲಿ ಮನೆಯಲ್ಲಿ ಕುಳಿತು ಒಂದು ಕ್ಯಾಸೆಟ್ಟಿನಲ್ಲಿ ‘ನೌ ಆ್ಯಂಡ್ ದೆನ್’ ಎಂಬ ಗೀತೆಯನ್ನು ಹಾಡಿಟ್ಟಿದ್ದರು. ಅವರು ತೀರಿಕೊಂಡ ಬಳಿಕ ಪತ್ನಿ ಯೋಕೊ ಓನೊ ನೀಡಿದ ಆ ಕ್ಯಾಸೆಟ್ಟನ್ನು ಹಿಡಿದು ಉಳಿದ ಬೀಟಲ್ಸ್ ಮೂವರು 1995ರಲ್ಲಿ ಪ್ರಯತ್ನಿಸಿ ಕೈಬಿಟ್ಟರು, ಏಕೆಂದರೆ ದನಿಯೂ ಪಿಯಾನೊವೂ ಬಿಡಿಸಲಾಗದಂತೆ ಬೆರೆತಿದ್ದವು. ಯಂತ್ರಕಲಿಕೆಯ ತಂತ್ರಾಂಶ ಅವೆರಡನ್ನೂ ಬೇರ್ಪಡಿಸಿದ ಮೇಲೆ, 2001ರಲ್ಲಿ ತೀರಿಕೊಂಡ ಜಾರ್ಜ್ ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರನ್ನೂ ಸೇರಿಸಿ, 2023ರ ನವೆಂಬರಿನಲ್ಲಿ ಅದು ಬೀಟಲ್ಸ್ ಹಾಡಾಗಿ ಹೊರಬಂತು. ಅಲ್ಲಿ ದನಿ ಲೆನನ್ನರದೇ, ಒಪ್ಪಿಗೆ ವಾರಸುದಾರರದು. ಸತ್ತವರ ದನಿಯನ್ನು ಮುಟ್ಟುವುದಾದರೆ ಹೀಗೆ ಮುಟ್ಟಬೇಕು ಎಂದೇ ನನಗೆ ಅನ್ನಿಸಿತು.

ಆದರೆ ಒಬ್ಬ ಗಾಯಕರ ದನಿಯನ್ನು ಯಂತ್ರಕ್ಕೆ ಕಲಿಸಿ, ಅವರು ಎಂದೂ ಹಾಡದ ಪ್ರೇಮಗೀತೆಯನ್ನು ಅವರ ಕಂಠದಲ್ಲಿ ಹಾಡಿಸಿದಾಗ ಈ ಬರಹದುದ್ದಕ್ಕೂ ನಾನು ಬಳಸಿದ ವಿಂಗಡಣೆ ಕೆಲಸಕ್ಕೆ ಬರುವುದಿಲ್ಲ. ಹೊಸದಾಗಿ ಹೊರಬರುವ ಆ ಗೀತೆ ಹಳೆಯ ಹಾಡೂ ಅಲ್ಲ, ಹಳೆಯ ಮುದ್ರಣದ ತುಣುಕೂ ಅಲ್ಲ. ಆದರೂ ಅದರಲ್ಲಿ ಒಬ್ಬರದೇನೋ ಹೋಗಿದೆ. ಅಮೆರಿಕದ ಟೆನೆಸ್ಸಿ ರಾಜ್ಯ 2024ರಲ್ಲಿ, ಹಾಡು ಮತ್ತು ಮುದ್ರಣಗಳ ಹಕ್ಕಿನ ಹೊರಗೆ, ವ್ಯಕ್ತಿಯ ಕಂಠಕ್ಕೇ ರಕ್ಷಣೆ ಕೊಡುವ ಕಾನೂನನ್ನು ಮಾಡಿತು. ಅದಕ್ಕೆ ಇಟ್ಟ ಚುಟುಕು ಹೆಸರು ‘ಎಲ್ವಿಸ್’.