ಮರಿಯ ಲಿವರ್ ನೋಡದೆ ಹೊಂಡಕ್ಕೆ ಬಿಡಬೇಡಿ

ಸಿಗಡಿ ಮರಿ ಬಂತು ಅಂದ್ರೆ ನಮ್ಮ ಕುಮಟಾ ಕಡೆ ಮೊದಲ ಪ್ರಶ್ನೆ, ‘ಪಿಸಿಆರ್ ನೆಗೆಟಿವ್ ಇದೆಯಾ?’ ಮರಿಯಲ್ಲಿ ವೈರಸ್ ಇದೆಯೇ ಎಂದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ ಅದು. ಕೇಳಲೇಬೇಕು. 1990ರ ದಶಕದ ಮಧ್ಯದಲ್ಲಿ ವೈರಸ್ಸಿನ ಬಿಳಿ ಚುಕ್ಕೆ ರೋಗ ಬಂದು ಟೈಗರ್ ಸಿಗಡಿ ಹೊಂಡಗಳನ್ನು ಬರಿದು ಮಾಡಿದ್ದನ್ನು ಹಳಬರು ಇನ್ನೂ ಮರೆತಿಲ್ಲ. ರೋಗ ಹತ್ತಿದರೆ 3ರಿಂದ 10 ದಿನದಲ್ಲಿ ಹೊಂಡಕ್ಕೆ ಹೊಂಡವೇ ಹೋಗಬಹುದು. ಇವತ್ತಿಗೂ ಅದಕ್ಕೆ ಔಷಧಿ ಇಲ್ಲ.

ಆದರೆ ಪರೀಕ್ಷೆಗೆ ಕೊಟ್ಟ ಮರಿಗಳಲ್ಲಿ ವೈರಸ್ ಸಿಗಲಿಲ್ಲ ಎಂದಷ್ಟೇ ಆ ರಿಪೋರ್ಟ್ ಹೇಳುತ್ತದೆ. ಮರಿಯಲ್ಲಿ ತ್ರಾಣ ಎಷ್ಟಿದೆ? ಅದಕ್ಕೆ ಮೈಕ್ರೋಸ್ಕೋಪೇ ಬೇಕು.

ಸಿಗಡಿ ತನ್ನ ಶಕ್ತಿಯನ್ನು ಹೆಚ್ಚಾಗಿ ಕೊಬ್ಬಿನ ರೂಪದಲ್ಲಿ ಜೀರ್ಣಗ್ರಂಥಿಯಾದ ಹೆಪಟೊಪ್ಯಾಂಕ್ರಿಯಾಸ್‌ನಲ್ಲಿ ಕೂಡಿಡುತ್ತದೆ. ನಾವು ಸುಮ್ನೆ ಲಿವರ್ ಅನ್ನುತ್ತೇವೆ. ಮರಿ ಇರುವುದೇ ಸುಮಾರು ಒಂದು ಸೆಂಟಿಮೀಟರ್, ಮೈ ಗಾಜಿನಂತೆ ಪಾರದರ್ಶಕ. ಅದನ್ನು ಸ್ಲೈಡ್ ಮೇಲಿಟ್ಟು ಕವರ್‌ಸ್ಲಿಪ್‌ನಿಂದ ಮೆಲ್ಲಗೆ ಒತ್ತಿದರೆ, ತಲೆಯ ಭಾಗದಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಕೊಳವೆಗಳು ಕಾಣುತ್ತವೆ. ಚೆನ್ನಾಗಿ ತಿಂದುಂಡ ಮರಿಯಲ್ಲಿ ಆ ಕೊಳವೆಗಳ ತುಂಬ ಹೊಳೆಯುವ ಎಣ್ಣೆ ಹನಿಗಳು, ಒಂದಕ್ಕೊಂದು ಅಂಟಿಕೊಂಡು. ಹಸಿದ ಮರಿಯಲ್ಲಿ ಹನಿಗಳು ಅಲ್ಲೊಂದು ಇಲ್ಲೊಂದು, ಕೊಳವೆಗಳೂ ಬಡಕಲು. ಒಮ್ಮೆ ನೋಡಿದವರಿಗೆ ಈ ವ್ಯತ್ಯಾಸ ಮತ್ತೆ ಹೇಳಿಕೊಡಬೇಕಿಲ್ಲ.

ಆಂಧ್ರ, ತಮಿಳುನಾಡಿನ ಹ್ಯಾಚರಿಗಳಿಂದ (ಮರಿ ಮಾಡಿಸುವ ಕೇಂದ್ರಗಳಿಂದ) ಬರುವ ಮರಿ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಚೀಲದಲ್ಲೇ ಇರುತ್ತದೆ. ಇಲ್ಲಿಗೆ ಬಂದರೆ ನೀರಿನ ಉಪ್ಪು ಬೇರೆ, ಬಿಸಿ ಬೇರೆ. ಈ ವಯಸ್ಸಿನಲ್ಲಿ ಮೇಲಿಂದ ಮೇಲೆ ಪೊರೆ ಬೇರೆ ಬಿಡುತ್ತದೆ, ಆಗ ತಿನ್ನುವುದಿಲ್ಲ. ಇಷ್ಟಕ್ಕೂ ಖರ್ಚಾಗುವುದು ಆ ಎಣ್ಣೆ ಹನಿಗಳೇ.

ಬಿಳಿ ಚುಕ್ಕೆ ವೈರಸ್ಸಿಗೂ ಸಿಗಡಿಯ ಕೊಬ್ಬಿನ ಮೇಲೇ ಕಣ್ಣು. ತೈವಾನಿನ ಸಂಶೋಧಕರು ವನ್ನಾಮಿ ಎಂಬ ಸಾಕಣೆ ಸಿಗಡಿಯಲ್ಲಿ ಇದನ್ನು ಗಮನಿಸಿದ್ದಾರೆ. ಸೋಂಕು ತಗುಲಿ ಸುಮಾರು 12 ಗಂಟೆಗೆ ಜೀವಕೋಶದ ಕೊಬ್ಬು ಕರಗತೊಡಗುತ್ತದೆ. 24 ಗಂಟೆಯ ಹೊತ್ತಿಗೆ ವೈರಸ್ ಅದೇ ಕೋಶದಿಂದ ಹೊಸ ಕೊಬ್ಬು ಮಾಡಿಸಿಕೊಳ್ಳುತ್ತದೆ, ತನ್ನ ಹೊಸ ಕಣಗಳ ಹೊದಿಕೆಗೆ.

ಹಾಗಾದರೆ ಕೊಬ್ಬು ಜಾಸ್ತಿ ಇದ್ದರೆ ವೈರಸ್ಸಿಗೇ ಲಾಭ ಅಲ್ವಾ ಅಂತ ಕೇಳುವವರಿದ್ದಾರೆ. ಕೊಬ್ಬು ವೈರಸ್ಸನ್ನು ತಡೆಯುವುದಿಲ್ಲ, ಅದು ನಿಜ. ವೈರಸ್ ತಡೆಯಲು ಪಿಸಿಆರ್ ಬೇಕು, ವೈರಸ್ ಹೊತ್ತು ತರುವ ಏಡಿ ಒಳಗೆ ಬಾರದಂತೆ ಬೇಲಿ ಬೇಕು, ನೀರು ಸೋಸಿ ಬಿಡಬೇಕು. ಆದರೆ ಬರಿಹೊಟ್ಟೆಯ ಮರಿಗೆ ಮೊದಲ ವಾರದ ಉಪ್ಪು-ಬಿಸಿಯ ಏರುಪೇರು ತಡೆಯುವುದೇ ಕಷ್ಟ. ವೈರಸ್ ಬರದಿದ್ದರೂ ಅರ್ಧ ಮರಿ ಹೋದರೆ ಬೆಳೆ ಎಲ್ಲಿಂದ ಬರಬೇಕು?

ಅದಕ್ಕೇ ಹೇಳುತ್ತಿದ್ದೇನೆ, ದುಡ್ಡು ಕೊಡುವ ಮೊದಲೇ ಹ್ಯಾಚರಿಯಲ್ಲಿ ಬೇರೆ ಬೇರೆ ಟ್ಯಾಂಕಿನ ಒಂದಿಷ್ಟು ಮರಿಗಳನ್ನು ತೆಗೆಸಿ, ಲಿವರ್ ನೋಡಿಸಿ. ಹನಿ ಕಾಣದಿದ್ದರೆ ಆ ಲಾಟ್ ಬೇಡ ಅನ್ನಿ.